ವಿಡಿಯೊ ಇಲ್ಲದ 175, ಹೆಸರೇ ಕೇಳದ 229

ಕಪಿಲ್ ದೇವ್ 175 ಎಂದು ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಸಿನಿಮಾದಲ್ಲಿ ರಣವೀರ್ ಸಿಂಗ್ ಬ್ಯಾಟ್ ಬೀಸುವುದು ಸಿಗುತ್ತದೆ. ಹಳೆಯ ಆಟಗಾರರು ಆ ದಿನವನ್ನು ನೆನೆಯುವ ಸಂದರ್ಶನಗಳು ಸಿಗುತ್ತವೆ. ಆ ಆಟವನ್ನು ತೋರಿಸುವ ಟಿವಿ ದೃಶ್ಯ ಮಾತ್ರ ಸಿಗುವುದಿಲ್ಲ.

1983ರ ಜೂನ್ 18. ವಿಶ್ವಕಪ್. ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್ ಎಂಬ ಊರಿನಲ್ಲಿ ಭಾರತಕ್ಕೂ ಜಿಂಬಾಬ್ವೆಗೂ ಪಂದ್ಯ. ಅದೇ ದಿನ ಬೇರೆ ಊರುಗಳಲ್ಲಿ ಇನ್ನೂ ಮೂರು ಪಂದ್ಯ ನಡೆದಿದ್ದವು. ಬಿಬಿಸಿ ಸಿಬ್ಬಂದಿ ಮುಷ್ಕರ ಹೂಡಿದ್ದರು ಎಂದು ಎಲ್ಲರೂ ಹೇಳುತ್ತಾ ಬಂದಿದ್ದಾರೆ. ಕಾರಣ ಏನೇ ಇರಲಿ, ಈ ಮೈದಾನಕ್ಕೆ ಟಿವಿ ಕ್ಯಾಮೆರಾ ಬರಲಿಲ್ಲ.

ಗಾವಸ್ಕರ್ ಸೊನ್ನೆ. ಶ್ರೀಕಾಂತ್ ಸೊನ್ನೆ. 9 ರನ್ನಿಗೆ ನಾಲ್ಕು ವಿಕೆಟ್ ಹೋದಾಗ ಕಪಿಲ್ ಒಳಗೆ ಬಂದರು. 17 ಆಗುವಷ್ಟರಲ್ಲಿ ಐದನೆಯದೂ ಬಿತ್ತು. ನಮ್ಮೂರಿನ ಟೂರ್ನಿಯಲ್ಲಾದರೆ ಇಷ್ಟೊತ್ತಿಗೆ ಜನ ಎದ್ದು ಮನೆಗೆ ಹೊರಟಿರುತ್ತಿದ್ದರು.

ಮೊದಲು ಆಸರೆಯಾದವರು ನಮ್ಮ ರೋಜರ್ ಬಿನ್ನಿ, 22 ರನ್. ಬಿನ್ನಿ, ರವಿ ಶಾಸ್ತ್ರಿ, ಮದನ್ ಲಾಲ್ ಹೋದ ಮೇಲೆ 140ಕ್ಕೆ 8. ಆಗ ಬಂದವರು ಕರ್ನಾಟಕದ ವಿಕೆಟ್ ಕೀಪರ್ ಸಯ್ಯದ್ ಕಿರ್ಮಾನಿ. ಇಬ್ಬರೂ 60 ಓವರ್ ಮುಗಿಯುವವರೆಗೆ ಔಟಾಗಲಿಲ್ಲ. (ಆಗಿನ ವಿಶ್ವಕಪ್ಪಿನಲ್ಲಿ ಒಂದು ತಂಡಕ್ಕೆ 60 ಓವರ್, 50 ಆದದ್ದು 1987ರಲ್ಲಿ.) ಭಾರತ 266ಕ್ಕೆ 8. ಕಪಿಲ್ 138 ಎಸೆತಗಳಲ್ಲಿ ಔಟಾಗದೆ 175: 16 ಬೌಂಡರಿ, 6 ಸಿಕ್ಸರ್. ಏಕದಿನ ಕ್ರಿಕೆಟ್ಟಿನಲ್ಲಿ ಅಲ್ಲಿಯವರೆಗೆ ಯಾರೂ ಒಂದೇ ಇನಿಂಗ್ಸಿನಲ್ಲಿ ಅಷ್ಟು ರನ್ ಹೊಡೆದಿರಲಿಲ್ಲ. ಜಿಂಬಾಬ್ವೆ 235ಕ್ಕೆ ಆಲೌಟ್. ಗೆದ್ದದ್ದು 31 ರನ್ನಿನಿಂದ.

ಕಿರ್ಮಾನಿಯವರದು 24. ಆ ಸಂಖ್ಯೆಯನ್ನು ಮರೆಯುವುದು ಸುಲಭ. ಆದರೆ ಇಬ್ಬರೂ ಸೇರಿ ಒಂಬತ್ತನೇ ವಿಕೆಟ್ಟಿಗೆ ಕೂಡಿಸಿದ 126 ರನ್ ಕೂಡ ವಿಶ್ವದಾಖಲೆಯೇ. ಕಪಿಲ್ ಅವರ 175 ಒಂದು ವರ್ಷವೂ ನಿಲ್ಲಲಿಲ್ಲ. 1984ರ ಮೇ 31ರಂದು ವಿವ್ ರಿಚರ್ಡ್ಸ್ ಔಟಾಗದೆ 189 ಹೊಡೆದರು. 126 ಮಾತ್ರ 27 ವರ್ಷ ಅಲ್ಲಾಡಲಿಲ್ಲ. 2010ರ ನವೆಂಬರಿನಲ್ಲಿ ಮೆಲ್ಬರ್ನಿನಲ್ಲಿ ಶ್ರೀಲಂಕಾದ ಮ್ಯಾಥ್ಯೂಸ್ ಮತ್ತು ಮಾಲಿಂಗ 132 ಸೇರಿಸಿ ಅದನ್ನು ಮುರಿದರು. ಒಂದು ತುದಿಯಲ್ಲಿ ಹೊಡೆಯುವವನಿಗೆ ಇನ್ನೊಂದು ತುದಿಯಲ್ಲಿ ನಿಲ್ಲುವವನೊಬ್ಬ ಬೇಕು. ಎರಡು ದಾಖಲೆಗಳಲ್ಲಿ ಹೆಚ್ಚು ಬಾಳಿದ್ದು ಆ ನಿಂತವನ ಹೆಸರೂ ಇದ್ದದ್ದು ಎಂಬುದು ನಮಗೆ ಬಹಳ ಹಿಡಿಸಿತು.

ವಿಡಿಯೊ ಇಲ್ಲದೆ ಇಷ್ಟೆಲ್ಲ ನಮಗೆ ಹೇಗೆ ಗೊತ್ತು? ಸ್ಕೋರರ್ ಬರೆದಿಟ್ಟ ಪುಸ್ತಕದಿಂದ. ನಮ್ಮೂರಲ್ಲಿ ಟೆನಿಸ್ ಬಾಲ್ ಟೂರ್ನಿ ನಡೆದಾಗ ಶಾಮಿಯಾನದ ಕೆಳಗೆ ಒಬ್ಬ ಹುಡುಗ ನೋಟ್‌ಬುಕ್ ಹಿಡಿದು ಕೂತಿರುತ್ತಾನಲ್ಲ, ಅದೇ ಕೆಲಸ. ರನ್ ಬಾರದ ಎಸೆತಕ್ಕೊಂದು ಚುಕ್ಕಿ, ಬಂದರೆ ಅಂಕಿ, ವಿಕೆಟ್ಟಿಗೆ ಗುರುತು. ಅವನು ಬರೆಯದಿದ್ದರೆ ಆಟ ಅಲ್ಲಿಗೇ ಮುಗಿಯಿತು. ಏಕದಿನದ ಆರಂಭದ ವರ್ಷಗಳ ಕೆಲವು ಪಂದ್ಯಗಳಲ್ಲಿ ಯಾರು ಎಷ್ಟು ಎಸೆತ ಆಡಿದರು ಎಂಬ ಲೆಕ್ಕವೇ ಇಲ್ಲ. ರನ್ ಇದೆ, ಎಸೆತದ ಜಾಗದಲ್ಲಿ ಒಂದು ಗೆರೆ.

ಆ ಆರಂಭವೂ ಯಾರೂ ಯೋಜಿಸಿದ್ದಲ್ಲ. ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನ ಟೆಸ್ಟ್ ಮಳೆಯಲ್ಲಿ ಕೊಚ್ಚಿಹೋಯಿತು. ಜನರಿಗೆ ಏನಾದರೂ ತೋರಿಸಬೇಕಲ್ಲ ಎಂದು 1971ರ ಜನವರಿ 5ರಂದು ಒಂದೇ ದಿನದ ಪಂದ್ಯ ಇಟ್ಟರು. 40 ಓವರ್, ಓವರಿಗೆ ಎಂಟು ಎಸೆತ. ಸುಮಾರು 46 ಸಾವಿರ ಜನ ಬಂದರು. ಅಂದು ಹೆಚ್ಚು ರನ್ ಹೊಡೆದದ್ದು ಇಂಗ್ಲೆಂಡಿನ ಜಾನ್ ಎಡ್ರಿಚ್, 82. ಏಕದಿನದ ಮೊದಲ ವೈಯಕ್ತಿಕ ದಾಖಲೆ ಅದು. ಗೆದ್ದದ್ದು ಆಸ್ಟ್ರೇಲಿಯಾ.

ಅಲ್ಲಿಂದ ಅಂಕಿ ಏರುತ್ತಲೇ ಹೋಯಿತು. 1997ರಲ್ಲಿ ಚೆನ್ನೈನಲ್ಲಿ ಪಾಕಿಸ್ತಾನದ ಸಯೀದ್ ಅನ್ವರ್ 194ಕ್ಕೆ ಮುಟ್ಟಿಸಿದರು. 2010ರ ಫೆಬ್ರುವರಿ 24ರಂದು ಗ್ವಾಲಿಯರ್‌ನಲ್ಲಿ ಸಚಿನ್ ತೆಂಡೂಲ್ಕರ್ ದಕ್ಷಿಣ ಆಫ್ರಿಕಾ ವಿರುದ್ಧ ಔಟಾಗದೆ 200. ಏಕದಿನದ ಮೊದಲ ದ್ವಿಶತಕ ಎಂದು ಊರೆಲ್ಲ ಪಟಾಕಿ ಹೊಡೆದೆವು. ಇವತ್ತಿಗೂ ಕ್ವಿಜ್‌ನಲ್ಲಿ ಮಕ್ಕಳು ಕೊಡುವ ಉತ್ತರ ಅದೇ.

ಆ ಉತ್ತರ ಪುರುಷರ ಕ್ರಿಕೆಟ್ಟಿಗೆ ಮಾತ್ರ ಸರಿ. ಅದಕ್ಕೆ 12 ವರ್ಷ ಮೊದಲೇ, 1997ರ ಡಿಸೆಂಬರ್ 16ರಂದು, ಏಕದಿನದ ದ್ವಿಶತಕ ಬಂದಾಗಿತ್ತು. ಅದೂ ನಮ್ಮ ದೇಶದಲ್ಲೇ, ಮುಂಬೈನಲ್ಲಿ. ಮಹಿಳಾ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಆಸ್ಟ್ರೇಲಿಯಾದ ನಾಯಕಿ ಬೆಲಿಂಡಾ ಕ್ಲಾರ್ಕ್ 155 ಎಸೆತಗಳಲ್ಲಿ ಔಟಾಗದೆ 229 ಹೊಡೆದರು. 22 ಬೌಂಡರಿ, ಸಿಕ್ಸರ್ ಒಂದೂ ಇಲ್ಲ. ಅಂದರೆ ನೂರಕ್ಕೂ ಹೆಚ್ಚು ರನ್ ಓಡಿಯೇ ಬಂದದ್ದು. ಆಸ್ಟ್ರೇಲಿಯಾ 412ಕ್ಕೆ 3. ಡೆನ್ಮಾರ್ಕ್ 49ಕ್ಕೆ ಆಲೌಟ್.

ಎದುರಾಳಿ ದುರ್ಬಲ ಎಂದು ಕೆಲವರು ಹೇಳುತ್ತಾರೆ. ಸರಿ. ಆದರೆ ಕಪಿಲ್‌ಗಿಂತ ಮೊದಲು ದಾಖಲೆ ಇಟ್ಟುಕೊಂಡಿದ್ದ ನ್ಯೂಜಿಲೆಂಡಿನ ಗ್ಲೆನ್ ಟರ್ನರ್ ತಮ್ಮ 171 ಹೊಡೆದದ್ದು ಈಸ್ಟ್ ಆಫ್ರಿಕಾ ಎಂಬ ಹೊಸಬರ ತಂಡದ ಮೇಲೆ. ಅದನ್ನು ಯಾರೂ ಪಟ್ಟಿಯಿಂದ ತೆಗೆದಿರಲಿಲ್ಲ. ವಿಶ್ವಕಪ್ ಎಂಬುದನ್ನೇ ಮೊದಲು ಆಡಿದವರೂ ಮಹಿಳೆಯರು: ಅವರದು 1973ರಲ್ಲಿ, ಪುರುಷರದು 1975ರಲ್ಲಿ.

ಕಪಿಲ್ ಆಟಕ್ಕೆ ಕ್ಯಾಮೆರಾ ಇರಲಿಲ್ಲ, ಆದರೂ ನಮ್ಮ ಅಪ್ಪಂದಿರು ಅದನ್ನು ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಅದಾದ ಏಳನೇ ದಿನ, ಜೂನ್ 25ರಂದು, ಭಾರತ ವಿಶ್ವಕಪ್ ಗೆದ್ದಿತ್ತು. ಕಥೆ ಹೇಳಲು ದೇಶವೇ ಇತ್ತು. ಕ್ಲಾರ್ಕ್ ಅವರ ತಂಡವೂ ಅದೇ ಡಿಸೆಂಬರ್ 29ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಕಪ್ ಎತ್ತಿತು. ನಮ್ಮ ನೆಲದಲ್ಲೇ ನಡೆದರೂ ನಮ್ಮ ಹರಟೆಕಟ್ಟೆಗೆ ಆ ಕಥೆ ಬರಲಿಲ್ಲ. ಪತ್ರಿಕೋದ್ಯಮ ಓದಿ ಊರಿಗೆ ಬಂದ ನಮ್ಮಂಥವರು ಯೋಚಿಸಬೇಕಾದದ್ದು ಇಲ್ಲೇ ಇದೆ. ಅಂಕಿ ಪುಸ್ತಕದಲ್ಲಿತ್ತು, ಹೇಳುವವರಿರಲಿಲ್ಲ.

2014ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ರೋಹಿತ್ ಶರ್ಮಾ 264 ಹೊಡೆಯುವವರೆಗೆ, ಗಂಡಸರು ಹೆಂಗಸರು ಇಬ್ಬರನ್ನೂ ಸೇರಿಸಿದರೆ, ಏಕದಿನದ ಅತಿ ದೊಡ್ಡ ಮೊತ್ತ ಕ್ಲಾರ್ಕ್ ಅವರದೇ ಆಗಿತ್ತು. ಮಹಿಳೆಯರ ದಾಖಲೆ ಅವರ ಕೈ ತಪ್ಪಿದ್ದು ಇನ್ನೂ ತಡವಾಗಿ: 2018ರ ಜೂನ್ 13ರಂದು ಡಬ್ಲಿನ್‌ನಲ್ಲಿ ನ್ಯೂಜಿಲೆಂಡಿನ ಅಮೇಲಿಯಾ ಕೆರ್ ಐರ್ಲೆಂಡ್ ವಿರುದ್ಧ ಔಟಾಗದೆ 232 ಹೊಡೆದಳು, ಆಮೇಲೆ ಬೌಲಿಂಗಿನಲ್ಲಿ ಐದು ವಿಕೆಟ್ಟನ್ನೂ ಕಿತ್ತಳು. ಆಗ ಅವಳಿಗೆ 17 ವರ್ಷ.