ಗುಂಡಿಗಿಂತ ಹೆಚ್ಚು ಕೊಂದ ಕೊಳಕು

ಯುದ್ಧವೆಂದೊಡನೆ ನಮಗೆ ನೆನಪಾಗುವುದು ಕೋವಿ, ಫಿರಂಗಿ ಮತ್ತು ಸೇನಾನಿಗಳ ಹೆಸರು. ಸೈನಿಕ ಕುಡಿದ ನೀರು ಎಲ್ಲಿಂದ ಬಂತು, ಅವನು ಶೌಚಕ್ಕೆ ಎಲ್ಲಿಗೆ ಹೋಗುತ್ತಿದ್ದ ಎಂದು ನಾವು ಕೇಳುವುದಿಲ್ಲ. ಆದರೆ 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಲಕ್ಷಾಂತರ ಜನರ ಅಳಿವು ಉಳಿವನ್ನು ನಿರ್ಧರಿಸಿದ್ದು ಇವೇ ಪ್ರಶ್ನೆಗಳು. ಗುಲಾಮಗಿರಿಯ ವಿಷಯದಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಈ ಯುದ್ಧದಲ್ಲಿ ಸತ್ತ ಸೈನಿಕರು ಆರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಯನ್ನು ಕೊಂದದ್ದು ಶತ್ರುವಿನ ಗುಂಡಲ್ಲ, ರೋಗ.

ಯುದ್ಧಕ್ಕೆ ಮುನ್ನ ಅಮೆರಿಕದ ಸೇನೆಯಲ್ಲಿದ್ದವರು ಸುಮಾರು 16 ಸಾವಿರ ಸೈನಿಕರು, ನೂರು ಚಿಲ್ಲರೆ ವೈದ್ಯರು. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಯುವಕರು ಡೇರೆಗಳಲ್ಲಿ ಒತ್ತೊತ್ತಾಗಿ ಬಂದು ತುಂಬಿದರು. ಹೊಲಗದ್ದೆಗಳಿಂದ ಬಂದ ಅನೇಕರಿಗೆ ಬಾಲ್ಯದಲ್ಲಿ ದಡಾರವೂ ಬಂದಿರಲಿಲ್ಲ. ಶಿಬಿರದಲ್ಲಿ ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಶೌಚದ ಗುಂಡಿಗಳು ನೀರಿನ ಸೆಲೆಗಳ ಸಮೀಪದಲ್ಲೇ ಇದ್ದವು. ಭೇದಿ, ಆಮಶಂಕೆ, ವಿಷಮಶೀತ ಜ್ವರಗಳು ಸಾವಿರಾರು ಜನರನ್ನು ಬಲಿ ತೆಗೆದುಕೊಂಡವು. ರೋಗಾಣುಗಳ ಅರಿವು ವೈದ್ಯರಿಗಿನ್ನೂ ಇರಲಿಲ್ಲ. ಒಬ್ಬನ ಕಾಲು ಕತ್ತರಿಸಿದ ಗರಗಸವೇ ತೊಳೆಯದೆ ಇನ್ನೊಬ್ಬನಿಗೂ ಬಳಕೆಯಾಗುತ್ತಿತ್ತು. ಗಾಯವನ್ನು ನಂಜಾಗದಂತೆ ಕಾಯುವ ವಿಧಾನವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ, ಯುದ್ಧ ಮುಗಿದ ಮೇಲೆ.

ಹಾಗಾದರೆ ಏನೂ ಮಾಡಲಾಗುತ್ತಿರಲಿಲ್ಲವೇ? ಮಾಡಬಹುದಿತ್ತು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಇಸ್ತಾಂಬುಲ್‌ನ ಎದುರು ದಡದ ಸ್ಕುಟಾರಿ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ದುಡಿದಿದ್ದರು. ಚರಂಡಿ ಮತ್ತು ಗಾಳಿ ಬೆಳಕಿನ ಸುಧಾರಣೆಯಿಂದ ಅಲ್ಲಿ ಸಾವು ತಗ್ಗಿದ್ದು ಅಮೆರಿಕದವರಿಗೆ ತಿಳಿದಿತ್ತು. ಆ ಮಾದರಿಯಲ್ಲೇ 1861ರ ಜೂನ್‌ನಲ್ಲಿ ಉತ್ತರದವರು ನೈರ್ಮಲ್ಯ ಆಯೋಗವನ್ನು ಸ್ಥಾಪಿಸಿದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಫ್ರೆಡೆರಿಕ್ ಓಲ್ಮ್‌ಸ್ಟೆಡ್ ಅದರ ಕಾರ್ಯದರ್ಶಿ. ಆಯೋಗದ ಪರಿವೀಕ್ಷಕರು ಶಿಬಿರಗಳಿಗೆ ಹೋಗಿ ಪಾಯಖಾನೆ, ನೀರು, ಅಡುಗೆಗಳನ್ನು ಪರಿಶೀಲಿಸಿದರು. ಊರೂರಿನ ಮಹಿಳೆಯರು ಮೇಳ ನಡೆಸಿ ಹಣ ಕೂಡಿಸಿದರು.

1862ರ ಆಗಸ್ಟ್‌ನಲ್ಲಿ ಬುಲ್ ರನ್‌ನ ಎರಡನೇ ಕದನದ ಗಾಯಾಳುಗಳು ದಿನಗಟ್ಟಲೆ ರಣರಂಗದಲ್ಲೇ ಬಿದ್ದಿದ್ದರು. ಮರುತಿಂಗಳು ಆಂಟಿಟಮ್‌ನಲ್ಲಿ ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 23 ಸಾವಿರ ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಆದರೂ ವೈದ್ಯಾಧಿಕಾರಿ ಜೊನಾಥನ್ ಲೆಟರ್‌ಮನ್ ಕಟ್ಟಿದ ಆಂಬ್ಯುಲೆನ್ಸ್ ದಳ ತನ್ನ ಕಡೆಯ ಗಾಯಾಳುಗಳನ್ನು ಸುಮಾರು ಒಂದು ದಿನದೊಳಗೆ ಸಾಗಿಸಿತು. ಇದಕ್ಕೆ ಹೊಸ ಔಷಧಿ ಬೇಕಾಗಲಿಲ್ಲ, ವ್ಯವಸ್ಥೆ ಸಾಕಾಯಿತು.

ಆದರೆ ಈ ವ್ಯವಸ್ಥೆ ಎಲ್ಲರನ್ನೂ ಸಮಾನವಾಗಿ ತಲುಪಲಿಲ್ಲ. ದಕ್ಷಿಣದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಕುಡಿಯಲೂ ಶೌಚಕ್ಕೂ ಒಂದೇ ಹಳ್ಳವಿತ್ತು. ಸುಮಾರು 45 ಸಾವಿರ ಕೈದಿಗಳಲ್ಲಿ 13 ಸಾವಿರದಷ್ಟು ಮಂದಿ ಸತ್ತರು. ಇನ್ನು ಉತ್ತರದ ಸೇನೆಯಲ್ಲೇ ಸುಮಾರು 1,80,000 ಕಪ್ಪು ಸೈನಿಕರಿದ್ದರು. ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ಕಂದಕ ತೋಡುವ ಕೆಲಸ, ಜೌಗು ನೆಲದ ಕಾವಲು ಮತ್ತು ಬೆರಳೆಣಿಕೆಯ ವೈದ್ಯರು. ಸತ್ತ ಸುಮಾರು 40 ಸಾವಿರ ಮಂದಿಯಲ್ಲಿ 30 ಸಾವಿರದಷ್ಟು ಜನ ರೋಗಕ್ಕೆ ಬಲಿಯಾದರು.

ಗುಲಾಮಳಾಗಿ ಹುಟ್ಟಿದ ಸೂಸಿ ಕಿಂಗ್ ಟೇಲರ್ 1862ರಲ್ಲಿ ಹದಿನಾಲ್ಕರ ಹುಡುಗಿ. ಕಪ್ಪು ಸೈನಿಕರ ದಳದಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ರೋಗಿಗಳ ಶುಶ್ರೂಷೆ ಮಾಡಿ, ಬಿಡುವಿನಲ್ಲಿ ಸೈನಿಕರಿಗೆ ಅಕ್ಷರ ಕಲಿಸಿದಳು. ಆಕೆಗೆ ಸಂಬಳವೂ ಸಿಗಲಿಲ್ಲ, ಪಿಂಚಣಿಯೂ ಇಲ್ಲ. 1902ರಲ್ಲಿ ಆಕೆಯೇ ತನ್ನ ನೆನಪುಗಳನ್ನು ಬರೆದು ಪ್ರಕಟಿಸಿದಳು.

ಶುಚಿತ್ವವನ್ನು ನಾವು ವ್ಯಕ್ತಿಯ ಅಭ್ಯಾಸವೆಂದಷ್ಟೇ ತಿಳಿಯುತ್ತೇವೆ. ಆದರೆ ಶುದ್ಧ ನೀರು ಯಾರ ಡೇರೆಯವರೆಗೆ ಬರುತ್ತದೆ ಎಂಬುದು ನ್ಯಾಯದ ಪ್ರಶ್ನೆ. ಗುಲಾಮಗಿರಿಯ ವಿರುದ್ಧ ಗೆದ್ದ ಸೇನೆಯೂ ತನ್ನದೇ ಶಿಬಿರದೊಳಗೆ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಿಲ್ಲ.