ಅಟಕಾಮಾದ ಮಣ್ಣು, ಮಂಗಳದ ಒಗಟು

ದಕ್ಷಿಣ ಅಮೆರಿಕದ ಚಿಲಿಯ ಉತ್ತರದಲ್ಲಿ ಅಟಕಾಮಾ ಮರುಭೂಮಿ ಇದೆ. ಅದರ ನಡುವಿನ ಯುಂಗಾಯ್ ಎಂಬಲ್ಲಿ ಹಿಂದೆ ನೈಟ್ರೇಟ್ ಗಣಿಯವರು ನೆಲೆಸಿದ್ದರು. ಈಗ ಅಲ್ಲಿಗೆ ಮಣ್ಣಿನ ಮಾದರಿ ಹುಡುಕಿಕೊಂಡು ಹೋಗುವವರು ಮಂಗಳ ಗ್ರಹವನ್ನು ಅಧ್ಯಯನ ಮಾಡುವ ವಿಜ್ಞಾನಿಗಳು.

ಮಳೆ ತೊಳೆಯದ ನೆಲ

ಅಟಕಾಮಾದ ಪೂರ್ವಕ್ಕೆ ಆಂಡಿಸ್ ಪರ್ವತಗಳು ಅಮೆಜಾನ್ ಕಡೆಯ ತೇವವನ್ನು ತಡೆಯುತ್ತವೆ. ಪಶ್ಚಿಮದ ಕಡಲಲ್ಲಿ ಹರಿಯುವ ಹಂಬೋಲ್ಟ್ ಶೀತಪ್ರವಾಹದಿಂದ ಮಂಜು ಏಳುತ್ತದೆಯೇ ಹೊರತು ಮಳೆಮೋಡ ಕಟ್ಟುವುದಿಲ್ಲ. ಯುಂಗಾಯ್ ಸುತ್ತ ವರ್ಷಕ್ಕೆ ಬೀಳುವ ಮಳೆ ಕೆಲವೇ ಮಿಲಿಮೀಟರ್.

ಹೀಗಾಗಿ ಗಾಳಿಯಿಂದ ಇಳಿದ ಲವಣಗಳು ಲಕ್ಷಾಂತರ ವರ್ಷಗಳಿಂದ ಅಲ್ಲಿಯೇ ಕೂತಿವೆ. ಬೇರೆಡೆ ನೈಟ್ರೇಟನ್ನು ಮಳೆ ಕೊಚ್ಚಿಕೊಂಡು ಹೋಗುತ್ತದೆ, ಉಳಿದದ್ದನ್ನು ಗಿಡಗಳೂ ಸೂಕ್ಷ್ಮಜೀವಿಗಳೂ ಬಳಸಿಕೊಳ್ಳುತ್ತವೆ. ಇಲ್ಲಿ ಅದು ಗಣಿ ತೋಡುವಷ್ಟು ಶೇಖರವಾಯಿತು. 1879ರಲ್ಲಿ ಚಿಲಿ ಒಂದು ಕಡೆ, ಪೆರು ಮತ್ತು ಬೊಲಿವಿಯಾ ಇನ್ನೊಂದು ಕಡೆ ನಿಂತು ಯುದ್ಧಕ್ಕಿಳಿದದ್ದು ಬಹುಪಾಲು ಈ ಸಂಪತ್ತಿಗಾಗಿಯೇ. ಅದರ ಜತೆಗೇ ಸೇರಿಕೊಂಡಿದ್ದ ಇನ್ನೊಂದು ಲವಣ ಪರ್‌ಕ್ಲೋರೇಟ್. ಮುಂದಿನ ಕಥೆ ಅದರದ್ದು.

ವೈಕಿಂಗ್ ಬಿಟ್ಟುಹೋದ ಗೊಂದಲ

1976ರಲ್ಲಿ ಅಮೆರಿಕದ ಎರಡು ವೈಕಿಂಗ್ ನೌಕೆಗಳು ಮಂಗಳದ ಮೇಲಿಳಿದು ಮಣ್ಣನ್ನು ಪರೀಕ್ಷಿಸಿದವು. ಒಂದು ಪ್ರಯೋಗದಲ್ಲಿ ಮಣ್ಣಿಗೆ ಪೋಷಕ ದ್ರಾವಣ ಹನಿಸಿದಾಗ, ಏನೋ ಅದನ್ನು ತಿಂದು ಉಸಿರು ಬಿಟ್ಟಂತೆ ಅನಿಲ ಹೊರಬಂತು. ಆದರೆ ಮಣ್ಣನ್ನು 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನೋಡಿದ ಇನ್ನೊಂದು ಉಪಕರಣಕ್ಕೆ ಮಂಗಳದ್ದೆನ್ನಬಹುದಾದ ಸಾವಯವ ವಸ್ತು ಸಿಗಲೇ ಇಲ್ಲ. ಕ್ಲೋರಿನ್ ಬೆರೆತ ಮೀಥೇನಿನ ಎರಡು ಸಂಯುಕ್ತಗಳು ಮಾತ್ರ ಅತ್ಯಲ್ಪ ಪ್ರಮಾಣದಲ್ಲಿ ಕಂಡವು. ಭೂಮಿಯಲ್ಲಿ ಉಪಕರಣ ತೊಳೆದ ದ್ರಾವಕದ ಶೇಷವಿರಬೇಕೆಂದು ಅವನ್ನು ಬದಿಗಿಟ್ಟರು.

ಮೆಕ್ಸಿಕೋದ ರಫಾಯೆಲ್ ನವಾರೊ-ಗೊಂಜಾಲೆಜ್, ನಾಸಾದ ಕ್ರಿಸ್ ಮೆಕ್‌ಕೇ ಮತ್ತು ಸಂಗಡಿಗರು ಇಂಥದೇ ಪರೀಕ್ಷೆಗಳನ್ನು ಯುಂಗಾಯ್ ಮಣ್ಣಿನ ಮೇಲೆ ಮಾಡಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಯೂ ಸಾವಯವ ವಸ್ತು ಇಲ್ಲವೆನ್ನುವಷ್ಟು ಕಡಿಮೆ, ಆದರೂ ಪೋಷಕಾಂಶ ಹಾಕಿದರೆ ಅದು ಒಡೆದುಹೋಗುತ್ತಿತ್ತು. ಜೀವಿಗಳಾದರೆ ಅಣುಗಳ ಎಡರೂಪ, ಬಲರೂಪಗಳಲ್ಲಿ ತಮಗೆ ಒಗ್ಗುವುದನ್ನೇ ಆರಿಸಿಕೊಳ್ಳುತ್ತವೆ. ಈ ಮಣ್ಣು ಎರಡನ್ನೂ ಸಮನಾಗಿ ಒಡೆಯಿತು. ಅಂದರೆ ಕೆಲಸ ಜೀವಿಯದಲ್ಲ, ಮಣ್ಣಿನ ರಸಾಯನದ್ದು.

ಸಾಕ್ಷ್ಯ ಸುಟ್ಟ ಪರ್‌ಕ್ಲೋರೇಟ್

2008ರಲ್ಲಿ ಮಂಗಳದ ಉತ್ತರ ಧ್ರುವದ ಸಮೀಪ ಇಳಿದ ಫೀನಿಕ್ಸ್ ನೌಕೆಗೆ ಅಲ್ಲಿನ ಮಣ್ಣಲ್ಲಿ ಪರ್‌ಕ್ಲೋರೇಟ್ ಸಿಕ್ಕಿತು, ತೂಕದಲ್ಲಿ ಶೇ. 0.5ರ ಆಸುಪಾಸು. ತಣ್ಣಗಿದ್ದಾಗ ಇದು ಸುಮ್ಮನಿರುತ್ತದೆ, ಕಾಯಿಸಿದರೆ ಆಮ್ಲಜನಕ ಕಕ್ಕುತ್ತದೆ. ರಾಕೆಟ್ಟಿನ ಘನ ಇಂಧನ ಉರಿಯುವುದೂ ಈ ಗುಣದಿಂದಲೇ. 2013ರಲ್ಲಿ ನಮ್ಮ ಮಂಗಳಯಾನವನ್ನು ಹೊತ್ತೊಯ್ದ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಅಮೋನಿಯಂ ಪರ್‌ಕ್ಲೋರೇಟ್ ಇತ್ತು.

ನವಾರೊ-ಗೊಂಜಾಲೆಜ್ ಮತ್ತೆ ಅಟಕಾಮಾ ಮಣ್ಣಿಗೇ ಮರಳಿದರು. ಅದಕ್ಕೆ ಮೆಗ್ನೀಸಿಯಂ ಪರ್‌ಕ್ಲೋರೇಟ್ ಬೆರೆಸಿ ಕಾಯಿಸಿದರು. ಅದರಲ್ಲಿದ್ದ ಸಾವಯವ ವಸ್ತು ಬಹುತೇಕ ಸುಟ್ಟುಹೋಗಿ, ಅದೇ ಕ್ಲೋರಿನ್-ಮೀಥೇನ್ ಸಂಯುಕ್ತಗಳು ಒಂದಿಷ್ಟು ಉಳಿದವು. ಹಾಗಾದರೆ ವೈಕಿಂಗ್ ತಾನು ಹುಡುಕುತ್ತಿದ್ದುದನ್ನು ತಾನೇ ಸುಟ್ಟಿತೇ? 2010ರಲ್ಲಿ ಎದ್ದ ಈ ಪ್ರಶ್ನೆಯನ್ನು ವೈಕಿಂಗ್ ಉಪಕರಣದ ಮುಖ್ಯಸ್ಥರಾಗಿದ್ದ ಕ್ಲಾಸ್ ಬೀಮನ್ ಒಪ್ಪಲಿಲ್ಲ. ಆದರೆ ಮುಂದೆ ಕ್ಯೂರಿಯಾಸಿಟಿ ರೋವರ್ ಮಂಗಳದ ಹಳೆಯ ಕೆಸರುಕಲ್ಲಿನಲ್ಲಿ ಸಾವಯವ ಅಣುಗಳನ್ನು ಕಂಡದ್ದರಿಂದ ಅವರ ವಾದಕ್ಕಿಂತ ಅಟಕಾಮಾದ ವಾದವೇ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ನವಾರೊ-ಗೊಂಜಾಲೆಜ್ 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡಾಗ, ಕ್ಯೂರಿಯಾಸಿಟಿ ತಂಡ ಮಂಗಳದ ಒಂದು ಬೆಟ್ಟಕ್ಕೆ ಅವರ ಹೆಸರಿಟ್ಟಿತು.

ಉಪ್ಪುಗಡ್ಡೆಯೊಳಗಿನ ಜೀವ

ಯುಂಗಾಯ್ ಸುತ್ತ ಉಪ್ಪಿನ ಗಡ್ಡೆಗಳು ಬಿದ್ದಿರುತ್ತವೆ. ಒಂದನ್ನು ಒಡೆದರೆ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಒಳಗೆ ಬೂದುಹಸಿರು ಗೆರೆ ಕಾಣಬಹುದು. ಅದು ಬೆಳಕಿನಿಂದ ಆಹಾರ ತಯಾರಿಸುವ ಸಯನೋಬ್ಯಾಕ್ಟೀರಿಯಾ. ಮಳೆಗಾಲದಲ್ಲಿ ಅಡುಗೆಮನೆಯ ಡಬ್ಬಿಯಲ್ಲಿ ಉಪ್ಪು ನೀರೂರುವಂತೆ, ಗಾಳಿಯ ತೇವಾಂಶ ಶೇ. 75 ದಾಟಿದರೆ ಈ ಗಡ್ಡೆಗಳೂ ಒಳಗೊಳಗೆ ಒದ್ದೆಯಾಗುತ್ತವೆ. ಆ ಜೀವಿಗಳಿಗೆ ಅಷ್ಟು ನೀರು ಸಾಕು.

ಹೆಚ್ಚಾದರೆ ಅಪಾಯ. 2015 ಮತ್ತು 2017ರಲ್ಲಿ ಅಪರೂಪಕ್ಕೆ ಮಳೆ ಸುರಿದು ಕೆರೆಗಳು ನಿಂತಾಗ, ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿ ಪ್ರಭೇದಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ನೀರಿನಲ್ಲಿ ಉಳಿಯಲಿಲ್ಲ. ವೈಕಿಂಗ್ ತನ್ನ ಮಾದರಿಗೆ ದ್ರಾವಣ ಹನಿಸಿದ್ದೇ ತಪ್ಪಾಗಿರಬಹುದೇ ಎಂಬ ಅನುಮಾನಕ್ಕೆ ಇದೂ ಒಂದು ಕಾರಣ.

ಒಂದೇ ಮರುಭೂಮಿ ಸಾಲದು

ಅಟಕಾಮಾ ಮಂಗಳವಲ್ಲ. ಮಂಗಳದ ವಾಯುಭಾರ ನಮ್ಮದರ ನೂರನೇ ಒಂದು ಪಾಲಿಗಿಂತ ಕಡಿಮೆ, ಚಳಿಯೂ ವಿಪರೀತ. ಆದ್ದರಿಂದ ಹೆಪ್ಪುಗಟ್ಟಿದ ನೆಲದ ಅಧ್ಯಯನಕ್ಕೆ ಅಂಟಾರ್ಕ್ಟಿಕಾದ ಒಣ ಕಣಿವೆಗಳಿಗೆ ಹೋಗುತ್ತಾರೆ. ಅಲ್ಲಿ ಒಣ ಮಣ್ಣಿನ ಪದರದಡಿ ಹಿಮ ಇರುವುದು ಫೀನಿಕ್ಸ್ ಕಂಡ ನೆಲದ ಹಾಗೆಯೇ. ಖನಿಜದ ವಿಚಾರಕ್ಕೆ ನಮ್ಮ ಕಛ್‌ ಇದೆ. ಆಮ್ಲೀಯ ನೀರಿನ ಕುರುಹಾದ ಜಾರೊಸೈಟ್ ಎಂಬ ಹಳದಿ ಖನಿಜವನ್ನು ಆಪರ್ಚುನಿಟಿ ರೋವರ್ 2004ರಲ್ಲಿ ಮಂಗಳದಲ್ಲಿ ಗುರುತಿಸಿತ್ತು. ಅದು ಕಛ್‌ನ ಮಾತಾನೋಮಢದ ಬಳಿಯೂ ಸಿಗುವುದರಿಂದ ಭಾರತೀಯ ವಿಜ್ಞಾನಿಗಳು ಅಲ್ಲಿನ ಪದರಗಳನ್ನು ಮಂಗಳದೊಂದಿಗೆ ಹೋಲಿಸಿ ನೋಡುತ್ತಿದ್ದಾರೆ.