ಪಟ್ಟಣದ ಎಲ್ಲೆ ಮತ್ತು ಪ್ರಜೆಯ ಅಹವಾಲು: ಕಲ್ಯಾಣ್–ಡೊಂಬಿವಲಿಯ ಆಡಳಿತ ಚರಿತ್ರೆಯ ಒಂದು ಅಧ್ಯಾಯ

ಮಧ್ಯಕಾಲೀನ ಕನ್ನಡ ದಾನಶಾಸನಗಳನ್ನು ಓದುವವರಿಗೆ ಎರಡು ಅಂಶಗಳು ಸುಪರಿಚಿತವಾಗಿವೆ. ದತ್ತಿಯ ಭೂಮಿಗೆ ಹಳ್ಳ, ಮರ, ನಟ್ಟ ಕಲ್ಲುಗಳ ಗುರುತಿನೊಡನೆ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವುದು ಒಂದು. ಆ ಕಾರ್ಯವು ಮಹಾಜನರು, ಗಾವುಂಡರು ಮೊದಲಾದವರ ಸಮಕ್ಷಮದಲ್ಲಿ ನಡೆಯಿತೆಂದು ದಾಖಲಿಸುವುದು ಇನ್ನೊಂದು. ಅಧಿಕಾರ ಅರಸನದಾದರೂ ಅದು ಯಾರ ಅರಿವಿನಲ್ಲಿ ಚಲಾವಣೆಯಾಯಿತೆಂಬುದು ಶಾಸನದ ಅಂಗವೇ ಆಗಿತ್ತು. ಆಧುನಿಕ ಸರ್ಕಾರವು ಪಟ್ಟಣವೊಂದರ ಎಲ್ಲೆಯನ್ನು ಗೊತ್ತುಪಡಿಸುವಾಗ ಯಾರ ಮಾತನ್ನು ಕೇಳಬೇಕು? ಈ ಪ್ರಶ್ನೆಗೆ ಭಾರತದ ಆಡಳಿತ ಕಾನೂನು ನೀಡಿದ ಮುಖ್ಯ ಉತ್ತರವೊಂದು ಥಾಣೆ ಜಿಲ್ಲೆಯ ಕಲ್ಯಾಣ್ ಪರಿಸರದ ವ್ಯಾಜ್ಯದಿಂದ ಹುಟ್ಟಿತು. ಅದನ್ನು ಬರೆದವರು ಕನ್ನಡ ನಾಡಿನ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರು ಎಂಬುದು ಗಮನಾರ್ಹ.

ಇಲ್ಲಿ ಕಲ್ಯಾಣ್ ಎಂದರೆ ಚಾಲುಕ್ಯರ ರಾಜಧಾನಿಯಲ್ಲ. ಉಲ್ಹಾಸ್ ನದಿಯ ದಡದ ಪ್ರಾಚೀನ ಬಂದರು. ರಾಷ್ಟ್ರಕೂಟರ ಸಾಮಂತರಾಗಿ ಏಳಿಗೆಗೆ ಬಂದ ಉತ್ತರ ಕೊಂಕಣದ ಶಿಲಾಹಾರರು ಥಾಣೆಯಿಂದ ಆಳಿದ ಸೀಮೆಯಿದು. ಸಮೀಪದ ಅಂಬರನಾಥ ದೇವಾಲಯದಲ್ಲಿ ಶಕ 982ರ, ಎಂದರೆ ಕ್ರಿ.ಶ. 1060ರ ಅವರ ಶಾಸನವಿದೆ. 1854ರಲ್ಲಿ ರೈಲು ಕಲ್ಯಾಣ್ ತಲುಪಿತು. ದೇಶವಿಭಜನೆಯ ತರುವಾಯ, ಸಿಂಧ್ ಪ್ರಾಂತದಿಂದ ಬಂದ ನಿರಾಶ್ರಿತರು ತಂಗಿದ್ದ ಸೈನಿಕ ಶಿಬಿರವೇ 1949ರಿಂದ ಉಲ್ಲಾಸನಗರವಾಗಿ ಬೆಳೆಯಿತು. ಮುಂಬಯಿಯಲ್ಲಿ ದುಡಿದು ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಮನೆಮಾಡಿದವರಲ್ಲಿ ಕನ್ನಡ, ತುಳು ಮಾತಿನ ಕುಟುಂಬಗಳೂ ಅನೇಕ. ನಳದ ನೀರು, ಮನೆ ತೆರಿಗೆ, ಅಂಗಡಿಯ ಪರವಾನಗಿ ಇವೆಲ್ಲವೂ ತಾವಿರುವ ಬೀದಿ ಯಾವ ಸಂಸ್ಥೆಯ ಎಲ್ಲೆಗೆ ಸೇರಿದೆ ಎಂಬುದನ್ನು ಅವಲಂಬಿಸಿರುವುದರಿಂದ, ಎಲ್ಲೆಯ ವಿವಾದ ಇವರಿಗೆ ಕೇವಲ ನಕ್ಷೆಯ ವಿಷಯವಲ್ಲ.

ಥಾಣೆಗೆ 1982ರಲ್ಲಿ ಮಹಾನಗರಪಾಲಿಕೆ ಬಂದಿತು. ಕಲ್ಯಾಣ್, ಡೊಂಬಿವಲಿ, ಅಂಬರನಾಥ, ಉಲ್ಲಾಸನಗರಗಳನ್ನು ಒಂದುಗೂಡಿಸಿ ಇನ್ನೊಂದು ಪಾಲಿಕೆಯನ್ನು ರಚಿಸಲು ರಾಜ್ಯ ಸರ್ಕಾರವು 1949ರ ಮುಂಬಯಿ ಪ್ರಾಂತೀಯ ಮಹಾನಗರಪಾಲಿಕೆಗಳ ಕಾಯಿದೆಯ 3ನೆಯ ಪ್ರಕರಣದಂತೆ ಕರಡು ಅಧಿಸೂಚನೆ ಹೊರಡಿಸಿತು. ಉಲ್ಲಾಸನಗರದ ನಿವಾಸಿಗಳು ಆಕ್ಷೇಪಿಸಿದರು. ಅಂತಿಮ ಅಧಿಸೂಚನೆಯಲ್ಲಿ ಆ ಊರನ್ನು ಕೈಬಿಡಲಾಯಿತು. 1983ರ ಅಕ್ಟೋಬರ್ 1ರಂದು ಕಲ್ಯಾಣ್ ಪಾಲಿಕೆ ಅಸ್ತಿತ್ವಕ್ಕೆ ಬಂದಿತು. ಕರಡಿನಲ್ಲಿದ್ದ ಊರನ್ನು ಹೀಗೆ ಬಿಟ್ಟುದು ಪ್ರಶ್ನೆಗೊಳಗಾದಾಗ, ಸರ್ಕಾರವು ವಿಷಯವನ್ನು ಮತ್ತೆ ಪರಿಶೀಲಿಸಬೇಕೆಂದು ಮುಂಬಯಿ ಹೈಕೋರ್ಟು ಆದೇಶಿಸಿತು.

ಮೇಲ್ಮನವಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಭಾತಿಜಾ ಪ್ರಕರಣವೆಂದು ಪ್ರಸಿದ್ಧವಾದ 1989ರ ಆ ತೀರ್ಪು ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿತು. ಪಾಲಿಕೆಯ ಸ್ಥಾಪನೆಯು ಆಡಳಿತ ಕಾರ್ಯವಲ್ಲ, ಶಾಸನ ರಚನೆಯ ಸ್ವರೂಪದ ಕಾರ್ಯ. ಆದ್ದರಿಂದ ಸಹಜ ನ್ಯಾಯದ ತತ್ತ್ವಗಳು ಇದಕ್ಕೆ ಅನ್ವಯಿಸುವುದಿಲ್ಲ. ಕಾಯಿದೆಯೇ ಕೊಟ್ಟಿರುವ ಅವಕಾಶಕ್ಕಿಂತ ಹೆಚ್ಚಿನ ವಿಚಾರಣೆಯನ್ನು ಪ್ರಜೆ ಕೇಳಲಾರ ಎಂಬುದು ಅದರ ತಿರುಳು. ಎರಡು ವರ್ಷಗಳ ಹಿಂದೆ, 1987ರ ಬಲದೇವ ಸಿಂಗ್ ಪ್ರಕರಣದಲ್ಲಿ, ಹಿಮಾಚಲ ಪ್ರದೇಶದ ಹಳ್ಳಿಗರನ್ನು ಅಧಿಸೂಚಿತ ಪ್ರದೇಶಕ್ಕೆ ಸೇರಿಸುವ ಮುನ್ನ ಅವರ ಅಹವಾಲನ್ನು ಕೇಳಬೇಕೆಂದು ಅದೇ ನ್ಯಾಯಾಲಯ ಹೇಳಿತ್ತು. ಹೀಗಿರುವಲ್ಲಿ ಕಲ್ಯಾಣ್ ತೀರ್ಪು ಸರ್ಕಾರಗಳಿಗೆ ವಿಶಾಲವಾದ ಸ್ವಾತಂತ್ರ್ಯವನ್ನು ಒದಗಿಸಿತೆನ್ನಬಹುದು.

ಆದರೆ ಅದೇ ತೀರ್ಪಿನೊಳಗೆ ಒಂದು ಕಟ್ಟುಪಾಡೂ ಅಡಗಿದೆಯೆಂದು ನಾವು ಭಾವಿಸುತ್ತೇವೆ. ಕಾಯಿದೆ ಕೊಟ್ಟಷ್ಟೇ ಹಕ್ಕು ಎಂದಾದರೆ, ಕಾಯಿದೆ ಕೊಟ್ಟದ್ದನ್ನು ಸರ್ಕಾರ ಕುಂದಿಲ್ಲದೆ ಸಲ್ಲಿಸಲೇಬೇಕು. ಇದರ ಪರೀಕ್ಷೆಯೂ ಇದೇ ನೆಲದಲ್ಲಿ ನಡೆಯಿತು. ಪಾಲಿಕೆಯಲ್ಲಿದ್ದ 27 ಗ್ರಾಮಗಳನ್ನು 2002ರಲ್ಲಿ ಹೊರಗಿಟ್ಟು, 2015ರಲ್ಲಿ ಮರಳಿ ಸೇರಿಸಲಾಯಿತು. 2020ರ ಜೂನ್‌ನಲ್ಲಿ ಅವುಗಳ ಪೈಕಿ 18ನ್ನು ಬೇರ್ಪಡಿಸಿ ಪ್ರತ್ಯೇಕ ನಗರ ಪರಿಷತ್ತನ್ನು ರಚಿಸಲು ಸರ್ಕಾರ ಮುಂದಾಯಿತು. ಎಲ್ಲೆಯನ್ನು ಬದಲಿಸುವ ಮುನ್ನ ಪಾಲಿಕೆಯೊಡನೆ ಸಮಾಲೋಚಿಸಬೇಕೆಂದು 3ನೆಯ ಪ್ರಕರಣ ವಿಧಿಸುತ್ತದೆ. ಆ ಸಮಾಲೋಚನೆ ಕಾಯಿದೆ ಬಯಸಿದಂತೆ ನಡೆದಿಲ್ಲವೆಂದು ಮುಂಬಯಿ ಹೈಕೋರ್ಟು ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧಿಸೂಚನೆಯನ್ನು ರದ್ದುಪಡಿಸಿತು. ಸರ್ಕಾರ ನೇಮಿಸುವ ಆಯುಕ್ತರನ್ನೂ ಚುನಾಯಿತ ಸದಸ್ಯರ ಪಾಲಿಕೆಯನ್ನೂ ಕಾಯಿದೆ ಬೇರೆ ಬೇರೆಯಾಗಿಯೇ ಹೆಸರಿಸಿದೆ. ಸಮಾಲೋಚನೆ ಎಂಬ ಒಂದು ಪದದ ತೂಕ ಈ ಭೇದದಲ್ಲಿದೆ.

ಚುನಾಯಿತ ಸಂಸ್ಥೆಯೇ ಇಲ್ಲದ ಎಡೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ನೆರೆಯ ನವಿ ಮುಂಬಯಿ ನಿದರ್ಶನ. 1970ರಲ್ಲಿ ಕಂಪನಿಯಾಗಿ ಸ್ಥಾಪಿತವಾದ ಸಿಡ್ಕೊ ಅಲ್ಲಿ ಹೊಸ ನಗರವನ್ನು ಕಟ್ಟಿತು. ಮಹಾನಗರಪಾಲಿಕೆ ಬಂದದ್ದು 1992ರ ಜನವರಿ 1ರಂದು. ನಡುವಿನ ಅವಧಿಯಲ್ಲಿ ಭೂಮಿ ಕಳೆದುಕೊಂಡ ರೈತರ ಅಹವಾಲು ಬೀದಿಗೆ ಬಂದಿತು. 1984ರ ಜನವರಿಯಲ್ಲಿ ಉರಣ್ ತಾಲೂಕಿನಲ್ಲಿ ಡಿ. ಬಿ. ಪಾಟೀಲರ ನೇತೃತ್ವದ ಚಳವಳಿಯ ಮೇಲೆ ನಡೆದ ಗೋಲಿಬಾರಿನಲ್ಲಿ ಐವರು ಪ್ರಾಣ ತೆತ್ತರು. ಸ್ವಾಧೀನವಾದ ಭೂಮಿಗೆ ಪ್ರತಿಯಾಗಿ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನ ನೀಡುವ ಯೋಜನೆ ಆ ಹೋರಾಟದ ಫಲ.

ಈ ಮೂರು ಪ್ರಸಂಗಗಳನ್ನು ಒಟ್ಟಿಗಿರಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಡಳಿತ ಕಾನೂನು ಎಲ್ಲೆಯನ್ನು ತಾನು ಎಳೆಯುವುದಿಲ್ಲ. ಎಳೆಯುವ ಕೈ ಯಾವ ದಾರಿಯಿಂದ ಬರಬೇಕೆಂದು ಹೇಳುತ್ತದೆ. ನ್ಯಾಯಾಲಯ ದಾರಿಯನ್ನು ಕಾಯಬಲ್ಲದು, ಆದರೆ ಕಾಯಿದೆಯಲ್ಲಿ ಇಲ್ಲದ ದಾರಿಯನ್ನು ತೆರೆಯಲು 1989ರ ತೀರ್ಪಿನ ಬಳಿಕ ಅದಕ್ಕೆ ಅವಕಾಶ ಕಡಿಮೆ. ಆದುದರಿಂದ ಪ್ರಜೆಯ ಅಹವಾಲಿಗೆ ಕಾಯಿದೆಯ ಪಠ್ಯದಲ್ಲಿಯೇ ಎಡೆ ದೊರೆಯಬೇಕಾಗಿದೆ. ಹಳೆಯ ಶಾಸನಕಾರನು ಎಲ್ಲೆಯೊಡನೆ ಸಮಕ್ಷಮವನ್ನೂ ಕಲ್ಲಿನಲ್ಲಿ ಕಂಡರಿಸಿದುದರ ಔಚಿತ್ಯ ಇಲ್ಲಿ ಮನವರಿಕೆಯಾಗುತ್ತದೆ.